ಘಾಟಿ ರಸ್ತೆಯಿಂದ ರೇಸ್ ಟ್ರ್ಯಾಕಿಗೆ: ಹವ್ಯಾಸಿ ಬೈಕ್ ರೇಸಿಂಗ್ ಆರಂಭಿಸುವುದು ಹೇಗೆ?

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದಕ್ಕೂ ಎರಡು ವರ್ಷ ಮೊದಲು, 2023ರ ಸೆಪ್ಟೆಂಬರ್‌ನಲ್ಲಿ, ಬೈಕ್ ರೇಸಿಂಗ್‌ನ ಅತ್ಯುನ್ನತ ವಿಶ್ವ ಸರಣಿಯಾದ ಮೋಟೊಜಿಪಿ ಸ್ಪರ್ಧೆ ಮೊದಲ ಬಾರಿಗೆ ಭಾರತದಲ್ಲಿ, ಗ್ರೇಟರ್ ನೊಯಿಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್‌ನಲ್ಲಿ ನಡೆದಿತ್ತು. ವೇಗದ ಬೈಕ್ ಕೈಗೆಟುಕುವಂತಾಗಿ, ರೇಸ್ ಎಂದರೆ ಹೇಗಿರುತ್ತದೆ ಎಂಬುದನ್ನು ಮೊಬೈಲ್ ಪರದೆಯ ಮೇಲೆ ಪ್ರತಿ ವಾರ ನೋಡುವಂತಾದಾಗ, ಮಡಿಕೇರಿಯಲ್ಲೋ ಗೋಣಿಕೊಪ್ಪಲಿನಲ್ಲೋ ಇರುವ ಹುಡುಗ ಹುಡುಗಿಯರು ‘ನಾನೂ ರೇಸ್ ಮಾಡಬಹುದೇ’ ಎಂದು ಕೇಳುವುದು ಸಹಜ. ಹಾಕಿ ಆಡಬೇಕೆಂದರೆ ಯಾರನ್ನು ಕೇಳಬೇಕು, ಎಲ್ಲಿಂದ ಆರಂಭಿಸಬೇಕು ಎಂಬುದು ಕೊಡಗಿನ ಪ್ರತಿ ಊರಿಗೂ ಗೊತ್ತು. ಬೈಕ್ ರೇಸಿಂಗ್ ವಿಷಯದಲ್ಲಿ ಅಂಥ ದಾರಿ ತೋರುವವರು ಸುತ್ತಮುತ್ತ ಸಿಗುವುದು ಕಡಿಮೆ. ಮಕ್ಕಳಿಗೆ ಏನು ಹೇಳಬೇಕೆಂದು ತಿಳಿಯದ ತಂದೆತಾಯಿಯರಿಗೂ ಉಪಯೋಗವಾಗುವಂತೆ ಈ ಕ್ರೀಡೆಯ ಮೂಲ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಯಾವುದು ರೋಡ್ ರೇಸಿಂಗ್, ಯಾವುದು ಅಲ್ಲ

ಟಾರು ಹಾಕಿದ, ಸಾರ್ವಜನಿಕ ಸಂಚಾರವಿಲ್ಲದ ಟ್ರ್ಯಾಕಿನಲ್ಲಿ ಹಲವು ಸವಾರರು ಒಟ್ಟಿಗೆ ಹೊರಟು, ನಿಗದಿಯಾದಷ್ಟು ಸುತ್ತುಗಳನ್ನು ಯಾರು ಮೊದಲು ಮುಗಿಸುತ್ತಾರೆ ಎಂದು ನೋಡುವ ಸ್ಪರ್ಧೆಯೇ ರೋಡ್ ರೇಸಿಂಗ್. ಕೊಡಗಿನವರಿಗೆ ಹೆಚ್ಚು ಪರಿಚಿತವಾದದ್ದು ರ‍್ಯಾಲಿ. ಕಾಫಿ ತೋಟಗಳ ನಡುವಿನ ಮಣ್ಣಿನ ದಾರಿಗಳಲ್ಲಿ ವಾಹನಗಳು ಒಂದೊಂದಾಗಿ ಹೊರಟು ಗಡಿಯಾರದ ವಿರುದ್ಧ ಓಡುವ ಆ ಸ್ಪರ್ಧೆಗೂ ಇದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಮಣ್ಣಿನ ದಿಬ್ಬಗಳ ಮೇಲೆ ಹಾರುವ ಮೋಟೊಕ್ರಾಸ್, ನೇರ ರಸ್ತೆಯಲ್ಲಿ ಇಬ್ಬರೇ ಪೈಪೋಟಿ ನಡೆಸುವ ಡ್ರ್ಯಾಗ್ ರೇಸ್ ಕೂಡ ಬೇರೆ ಬೇರೆ ಕ್ರೀಡೆಗಳು. ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1907ರಿಂದ ನಡೆಯುತ್ತಿರುವ ಟಿಟಿ ಸ್ಪರ್ಧೆಯಂತೆ ಊರಿನ ರಸ್ತೆಗಳನ್ನೇ ಮುಚ್ಚಿ ನಡೆಸುವ ರೇಸ್‌ಗಳೂ ಜಗತ್ತಿನಲ್ಲಿವೆ. ಆದರೆ ಅದು ಈ ಕ್ರೀಡೆಯ ಅತ್ಯಂತ ಅಪಾಯಕಾರಿ ತುದಿ, ಆರಂಭಿಸುವವರು ಅದನ್ನು ಮಾದರಿಯಾಗಿ ಇಟ್ಟುಕೊಳ್ಳುವ ಅಗತ್ಯವಿಲ್ಲ.

ಕೊಡಗಿನವರ ದೃಷ್ಟಿಯಿಂದ ಮುಖ್ಯವಾದ ಟ್ರ್ಯಾಕ್‌ಗಳು ಎರಡು, ಎರಡೂ ತಮಿಳುನಾಡಿನಲ್ಲಿವೆ. ಚೆನ್ನೈ ಹೊರವಲಯದ ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗೆ ಸೇರಿದ್ದು. ಅದರ ಪೂರ್ಣ ಸುತ್ತಿನ ಉದ್ದ 3.717 ಕಿ.ಮೀ. ಈ ಟ್ರ್ಯಾಕ್ ಆಗುವ ಮೊದಲು ಅಲ್ಲಿನ ರೇಸ್‌ಗಳು ಶೋಳಾವರಂನ ಹಳೆಯ ವಿಮಾನ ಓಡುದಾರಿಯ ಮೇಲೆ ನಡೆಯುತ್ತಿದ್ದವು. ಇನ್ನೊಂದು, ಕೊಯಮತ್ತೂರು ಬಳಿಯ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಸುಮಾರು 2 ಕಿ.ಮೀ. ಉದ್ದದ, ಬಿಗಿಯಾದ ತಿರುವುಗಳಿರುವ, ಹೊಸಬರಿಗೆ ಅರ್ಥವಾಗುವಂಥ ಟ್ರ್ಯಾಕ್ ಅದು.

ಘಾಟಿಯಲ್ಲಿ ಕಲಿತದ್ದು ಎಷ್ಟು ಉಪಯೋಗಕ್ಕೆ ಬರುತ್ತದೆ

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯಲ್ಲೂ ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ರಸ್ತೆಯಲ್ಲೂ ಬೈಕ್ ಓಡಿಸಿ ಬೆಳೆದವರಿಗೆ ತಾವು ಅರ್ಧ ರೇಸರ್ ಆಗಿಬಿಟ್ಟಿದ್ದೇವೆ ಎನ್ನಿಸುವುದುಂಟು. ಕ್ಲಚ್, ಗೇರ್, ಸಮತೋಲನಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ವೇಗವಾಗಿ ತಿರುಗುವುದನ್ನು ಕಲಿಯಬೇಕಾದರೆ ಒಂದೇ ತಿರುವನ್ನು, ಒಂದೇ ಸ್ಥಿತಿಯಲ್ಲಿ, ನೂರಾರು ಸಲ ದಾಟಬೇಕು. ಪ್ರತಿ ಸಲವೂ ಒಂದೇ ಒಂದು ಅಂಶವನ್ನು ಬದಲಿಸಿ ಪರಿಣಾಮ ನೋಡಬೇಕು. ಘಾಟಿಯಲ್ಲಿ ಇದು ಸಾಧ್ಯವಿಲ್ಲ. ನಿನ್ನೆ ಒಣಗಿದ್ದ ತಿರುವಿನಲ್ಲಿ ಇಂದು ಒದ್ದೆ ಎಲೆ ಬಿದ್ದಿರುತ್ತದೆ, ಎದುರಿನಿಂದ ತೋಟದ ಜೀಪ್ ಬರುತ್ತದೆ, ಸಂಜೆಯಾದರೆ ಆನೆಯೇ ನಿಂತಿರಬಹುದು. ತಿರುವಿನಾಚೆ ಏನಿದೆ ಎಂದು ತಿಳಿಯದ ರಸ್ತೆಯಲ್ಲಿ ಜಾಣ ಸವಾರ ಮಾಡುವ ಕೆಲಸವೆಂದರೆ ವೇಗ ತಗ್ಗಿಸಿ ತನ್ನ ಬದಿಯಲ್ಲೇ ಉಳಿಯುವುದು. ಟ್ರ್ಯಾಕಿನಲ್ಲಿ ರಸ್ತೆಯ ಪೂರ್ಣ ಅಗಲವನ್ನು ಬಳಸಬೇಕಾಗುತ್ತದೆ, ಬಿದ್ದರೆ ಜಾರಿ ನಿಲ್ಲಲು ಬಯಲಿರುತ್ತದೆ, ಪ್ರತಿ ತಿರುವಿನ ಬಳಿ ಬಾವುಟ ಹಿಡಿದ ಮಾರ್ಷಲ್ ಇರುತ್ತಾರೆ, ಆಂಬುಲೆನ್ಸ್ ಕಾದಿರುತ್ತದೆ. ಈ ಎರಡು ಜಾಗಗಳಲ್ಲಿ ಬೇಕಾದ ಬುದ್ಧಿಯೇ ಬೇರೆ ಬೇರೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 189ರ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸುವುದಾಗಲಿ ವೇಗದ ಪರೀಕ್ಷೆ ಮಾಡುವುದಾಗಲಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ ₹5,000ವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ₹10,000ವರೆಗೆ ದಂಡ ಅಥವಾ ಎರಡೂ ಇವೆ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ, ಅದೇ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 199ಎ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರೇ ಹೊಣೆ. ಅವರಿಗೆ ಮೂರು ವರ್ಷದವರೆಗೆ ಜೈಲು ಮತ್ತು ₹25,000 ದಂಡ ವಿಧಿಸಬಹುದು.

ತಿರುವಿನ ಲೆಕ್ಕ

ನೇರ ರಸ್ತೆಯಲ್ಲಿ ವೇಗ ಕೊಡುವುದು ಎಂಜಿನ್. ಸವಾರನ ವಿದ್ಯೆ ಕಾಣುವುದು ತಿರುವುಗಳಲ್ಲಿ. ಅಲ್ಲಿ ನಡೆಯುವುದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು, ಅದು ಶಾಲೆಯ ಭೌತಶಾಸ್ತ್ರಕ್ಕಿಂತ ಹೆಚ್ಚಿನದಲ್ಲ.

50 ಮೀಟರ್ ತ್ರಿಜ್ಯದ ಒಂದು ತಿರುವಿದೆ ಎಂದುಕೊಳ್ಳೋಣ. ಅದನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ದಾಟಲು ಬೈಕ್ ಮತ್ತು ಸವಾರ ಸೇರಿ ಸುಮಾರು 30 ಡಿಗ್ರಿ ವಾಲಬೇಕು. ವೇಗವನ್ನು 80ಕ್ಕೆ ಏರಿಸಿದರೆ ಸುಮಾರು 45 ಡಿಗ್ರಿ ವಾಲಬೇಕಾಗುತ್ತದೆ. ವೇಗ ಏರಿದ್ದು ಮೂರನೇ ಒಂದು ಪಾಲಿನಷ್ಟು, ಆದರೆ ಟೈರುಗಳು ಬದಿಗೆ ತಡೆದುಕೊಳ್ಳಬೇಕಾದ ಬಲ ಸುಮಾರು ಮುಕ್ಕಾಲು ಪಾಲು ಹೆಚ್ಚಾಯಿತು, ಏಕೆಂದರೆ ಆ ಬಲ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ಅನುಗುಣವಾಗಿ ಏರುತ್ತದೆ. ‘ಇನ್ನೊಂದು ಸ್ವಲ್ಪ ಜೋರಾಗಿ ಹೋದರೆ ಏನಾದೀತು’ ಎಂದುಕೊಂಡವರು ಬೀಳುವುದಕ್ಕೆ ಕಾರಣ ಈ ವರ್ಗದ ಲೆಕ್ಕ.

ಈಗ ಅದೇ 80 ಕಿ.ಮೀ. ವೇಗವನ್ನು ಇಟ್ಟುಕೊಂಡು ತಿರುವಿನ ತ್ರಿಜ್ಯವನ್ನು 70 ಮೀಟರ್‌ಗೆ ಹಿಗ್ಗಿಸಿದರೆ ವಾಲುವಿಕೆ ಸುಮಾರು 36 ಡಿಗ್ರಿಗೆ ಇಳಿಯುತ್ತದೆ. ತಿರುವನ್ನು ಹಿಗ್ಗಿಸುವುದು ಹೇಗೆ? ಟ್ರ್ಯಾಕಿನ ಹೊರಅಂಚಿನಿಂದ ತಿರುವನ್ನು ಪ್ರವೇಶಿಸಿ, ನಡುವೆ ಒಳಅಂಚನ್ನು ಸವರಿಕೊಂಡು ಹೋಗಿ, ಮತ್ತೆ ಹೊರಅಂಚಿಗೆ ಬರುವುದರಿಂದ. ಹೀಗೆ ಸಾಗುವ ಜಾಡನ್ನು ರೇಸಿಂಗ್ ಲೈನ್ ಎಂದೂ ಒಳಅಂಚನ್ನು ಮುಟ್ಟುವ ಬಿಂದುವನ್ನು ಏಪೆಕ್ಸ್ ಎಂದೂ ಕರೆಯುತ್ತಾರೆ. ಹೊಸಬರು ಸಾಮಾನ್ಯವಾಗಿ ಆತುರಪಟ್ಟು ಒಳಅಂಚಿಗೆ ಬೇಗನೆ ಹೋಗಿಬಿಡುತ್ತಾರೆ; ಆಗ ತಿರುವು ಮುಗಿಯುವ ಮೊದಲೇ ಟ್ರ್ಯಾಕ್ ಮುಗಿಯುತ್ತದೆ. ತಡವಾಗಿ ಒಳಹೋಗಲು ಕಲಿಯುವುದಕ್ಕೇ ಮೊದಲ ದಿನದ ಬಹುಪಾಲು ಹಿಡಿಯುತ್ತದೆ.

ರೇಸರ್‌ಗಳು ಸೀಟಿನಿಂದ ಜಾರಿ ಮೊಣಕಾಲು ಚಾಚುವುದು ಫೋಟೊಗಾಗಿ ಅಲ್ಲ. ಸವಾರನ ದೇಹದ ಭಾರ ತಿರುವಿನ ಒಳಬದಿಗೆ ಬಂದಷ್ಟೂ ಅದೇ ವೇಗಕ್ಕೆ ಬೈಕ್ ವಾಲಬೇಕಾದ ಪ್ರಮಾಣ ಕಡಿಮೆಯಾಗುತ್ತದೆ, ಟೈರಿನ ಅಂಚಿನ ಬದಲು ಹೆಚ್ಚು ಅಗಲವಾದ ಭಾಗ ನೆಲಕ್ಕೆ ತಾಗುತ್ತದೆ. ಮೊಣಕಾಲು ನೆಲಕ್ಕೆ ತಾಗಿದರೆ ಎಷ್ಟು ವಾಲಿದ್ದೇವೆ ಎಂಬ ಅಳತೆ ಸಿಕ್ಕಂತೆ, ಅಷ್ಟೇ. ಅದನ್ನೇ ಗುರಿ ಮಾಡಿಕೊಂಡು ಬಿದ್ದವರು ಬಹಳ.

ಇನ್ನು ಹಿಡಿತದ ವಿಷಯ. ಟೈರು ನೆಲವನ್ನು ಹಿಡಿದುಕೊಳ್ಳುವ ಶಕ್ತಿಗೆ ಮಿತಿಯಿದೆ. ಬ್ರೇಕ್ ಹಾಕುವುದಕ್ಕೂ ತಿರುಗುವುದಕ್ಕೂ ವೇಗ ಹೆಚ್ಚಿಸುವುದಕ್ಕೂ ಅದೇ ಒಂದು ಶಕ್ತಿಯನ್ನು ಹಂಚಿಕೊಳ್ಳಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವವರಿಗೆ ಇದನ್ನು ಬೇಗ ವಿವರಿಸಬಹುದು: ಒಂದೇ ಪಂಪಿಗೆ ಎರಡು ಸ್ಪ್ರಿಂಕ್ಲರ್ ಜೆಟ್ ಜೋಡಿಸಿದಾಗ ಒಂದನ್ನು ಪೂರ್ತಿ ತೆರೆದರೆ ಇನ್ನೊಂದರ ನೀರು ದೂರ ಹಾರುವುದಿಲ್ಲ. ಹಾಗೆಯೇ, ಬ್ರೇಕಿಗೆ ಪೂರ್ಣ ಹಿಡಿತವನ್ನು ಕೊಟ್ಟುಬಿಟ್ಟರೆ ತಿರುಗುವುದಕ್ಕೆ ಏನೂ ಉಳಿಯುವುದಿಲ್ಲ, ಮುಂದಿನ ಚಕ್ರ ಜಾರುತ್ತದೆ. ಆದ್ದರಿಂದ ಬೈಕ್ ನೆಟ್ಟಗಿರುವಾಗ ಗಟ್ಟಿಯಾಗಿ ಬ್ರೇಕ್ ಹಾಕಿ, ವಾಲತೊಡಗಿದಂತೆ ಬೆರಳಿನ ಒತ್ತಡವನ್ನು ನಿಧಾನವಾಗಿ ಬಿಡುತ್ತ ಬರಬೇಕು. ಏಪೆಕ್ಸ್ ದಾಟಿ ಬೈಕ್ ಮೇಲೇಳತೊಡಗಿದ ಮೇಲೆ ಆ್ಯಕ್ಸಿಲರೇಟರನ್ನು ಅದೇ ನಿಧಾನದಲ್ಲಿ ತೆರೆಯಬೇಕು. ತಿರುವಿನೊಳಕ್ಕೂ ಬ್ರೇಕಿನ ಎಳೆಯನ್ನು ಉಳಿಸಿಕೊಳ್ಳುವ ಈ ಕ್ರಮಕ್ಕೆ ಟ್ರೇಲ್ ಬ್ರೇಕಿಂಗ್ ಎನ್ನುತ್ತಾರೆ. ಅದನ್ನು ಶಿಕ್ಷಕರ ಕಣ್ಣೆದುರು ಕಲಿಯುವುದು ಒಳ್ಳೆಯದು.

ಇಲ್ಲಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಒಂದು ಸುತ್ತನ್ನು ಅದ್ಭುತವಾಗಿ ಓಡಿಸಿ ಮುಂದಿನದರಲ್ಲಿ ಎಡವುವವನಿಗಿಂತ ಎಲ್ಲ ಸುತ್ತುಗಳನ್ನೂ ಒಂದೇ ಸಮಯದಲ್ಲಿ ಮುಗಿಸುವವನು ಮೊದಲ ವರ್ಷದಲ್ಲಿ ಮುಂದಿರುತ್ತಾನೆ. ಚೆನ್ನೈ ಟ್ರ್ಯಾಕಿನ 3.717 ಕಿ.ಮೀ.ಯನ್ನು 2 ನಿಮಿಷದಲ್ಲಿ ಮುಗಿಸಿದರೆ ಸರಾಸರಿ ವೇಗ ಗಂಟೆಗೆ ಸುಮಾರು 111 ಕಿ.ಮೀ. ಹೊಸ ಸವಾರನಿಗೆ ಅದೇ ಸುತ್ತಿಗೆ 10 ಸೆಕೆಂಡ್ ಹೆಚ್ಚು ಬೇಕಾದರೆ, ಮುಂದಿನವನು ಆರು ಸುತ್ತು ಮುಗಿಸುವ ಹೊತ್ತಿಗೆ ಇವನು ಹೆಚ್ಚುಕಡಿಮೆ ಅರ್ಧ ಸುತ್ತು ಹಿಂದಿರುತ್ತಾನೆ. ಆ 10 ಸೆಕೆಂಡ್ ಒಂದೇ ಕಡೆ ಸಿಗುವುದಿಲ್ಲ. ಒಂದೊಂದು ತಿರುವಿನಲ್ಲಿ ಮುಕ್ಕಾಲು ಸೆಕೆಂಡಿನಂತೆ ಹುಡುಕಿ ತೆಗೆಯಬೇಕು.

ಮೊದಲ ಮೆಟ್ಟಿಲು: ತರಬೇತಿ ಮತ್ತು ಟ್ರ್ಯಾಕ್ ಡೇ

ಸ್ಪರ್ಧೆಯಿಲ್ಲದೆ, ಶುಲ್ಕ ಕೊಟ್ಟು, ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ದಿನವೇ ಟ್ರ್ಯಾಕ್ ಡೇ. ಸವಾರರನ್ನು ಅನುಭವಕ್ಕೆ ತಕ್ಕಂತೆ ಗುಂಪು ಮಾಡಿ, ಸರದಿಯಂತೆ ಬಿಡುತ್ತಾರೆ. ತರಬೇತಿ ಶಾಲೆಗಳು ಇದರ ಜೊತೆಗೆ ಪಾಠವನ್ನೂ ಸೇರಿಸುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಕೂಡ ಚೆನ್ನೈ ಟ್ರ್ಯಾಕಿನಲ್ಲಿ ತನ್ನ ಶಿಬಿರಗಳನ್ನು ನಡೆಸಿದೆ. ಹತ್ತಿರದ ಗೋ-ಕಾರ್ಟ್ ಟ್ರ್ಯಾಕ್‌ಗಳಲ್ಲಿ ಸಣ್ಣ ಬೈಕ್‌ಗಳೊಂದಿಗೆ ನಡೆಯುವ ತರಬೇತಿಯನ್ನೂ ಕಡೆಗಣಿಸಬೇಕಾಗಿಲ್ಲ, ಏಕೆಂದರೆ ಅಲ್ಲಿ ವೇಗ ಕಡಿಮೆ, ಬಿದ್ದರೆ ಪೆಟ್ಟೂ ಕಡಿಮೆ, ತಿರುವುಗಳ ಅಭ್ಯಾಸ ಮಾತ್ರ ಹೆಚ್ಚು.

ಮನೆಯಲ್ಲಿರುವ 150 ಅಥವಾ 200 ಸಿಸಿ ಬೈಕ್ ಇದಕ್ಕೆ ಸಾಕು. ದೊಡ್ಡ ಬೈಕಿನಲ್ಲಿ ಆರಂಭಿಸುವವರು ನೇರ ರಸ್ತೆಯಲ್ಲಿ ಸಿಗುವ ವೇಗದಿಂದ ತಿರುವಿನ ತಪ್ಪುಗಳನ್ನು ಮುಚ್ಚಿಕೊಳ್ಳುತ್ತಾರೆ. ಸಣ್ಣ ಬೈಕಿನಲ್ಲಿ ಆ ಅನುಕೂಲವಿಲ್ಲ.

ಲೈಸೆನ್ಸ್ ಮತ್ತು ವರ್ಗಗಳು

ಭಾರತದಲ್ಲಿ ಈ ಕ್ರೀಡೆಯನ್ನು ನಿಯಂತ್ರಿಸುವುದು ಎಫ್‌ಎಂಎಸ್‌ಸಿಐ, ಅಂದರೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ. ಬೈಕ್ ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎಂಗೆ ಸೇರಿದ ಈ ಒಕ್ಕೂಟ ಕೊಡುವ ಸ್ಪರ್ಧಾ ಲೈಸೆನ್ಸ್ ಇಲ್ಲದೆ ಅಧಿಕೃತ ರೇಸ್‌ನಲ್ಲಿ ಭಾಗವಹಿಸುವಂತಿಲ್ಲ. ಆರ್‌ಟಿಒ ಕೊಡುವ ಚಾಲನಾ ಪರವಾನಗಿಗೂ ಇದಕ್ಕೂ ಸಂಬಂಧವಿಲ್ಲ. ಲೈಸೆನ್ಸನ್ನು ವರ್ಷ ವರ್ಷ ನವೀಕರಿಸಬೇಕು. ವಯಸ್ಸಿನ ದಾಖಲೆ, ವೈದ್ಯರ ದೃಢೀಕರಣ, ರಕ್ತದ ಗುಂಪಿನ ವಿವರ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕಾಗುತ್ತವೆ. ಪ್ರತಿ ಸ್ಪರ್ಧೆಗೂ ಮೊದಲು ಆಯೋಜಕರು ಹೊರಡಿಸುವ ನಿಯಮ ಪುಸ್ತಿಕೆಯಲ್ಲಿ ವಯೋಮಿತಿಯಿಂದ ಟೈರಿನವರೆಗೆ ಎಲ್ಲವೂ ಇರುತ್ತದೆ. ಅದನ್ನು ಓದದೆ ಹೋದವರ ಬೈಕ್ ಪರಿಶೀಲನೆಯಲ್ಲೇ ನಿಂತುಬಿಡುವುದುಂಟು.

ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಎಂಜಿನ್ ಗಾತ್ರ ಮತ್ತು ಅನುಭವದ ಆಧಾರದ ಮೇಲೆ ವರ್ಗಗಳಿವೆ: ಹೊಸಬರಿಗೆ ನೋವಿಸ್ ವರ್ಗ, ಹುಡುಗಿಯರಿಗೆ ಪ್ರತ್ಯೇಕ ವರ್ಗ, 165 ಸಿಸಿಯ ಮುಕ್ತ ವರ್ಗ, ಅದರ ಮೇಲೆ 301ರಿಂದ 400 ಸಿಸಿಯ ಪ್ರೊ-ಸ್ಟಾಕ್, ಅಂದರೆ ಮಾರಾಟದ ಬೈಕ್‌ಗಳನ್ನೇ ನಿಯಮದ ಮಿತಿಯೊಳಗೆ ಮಾರ್ಪಡಿಸಿ ಓಡಿಸುವ ವರ್ಗ. ಹುಡುಗಿಯರ ವರ್ಗವನ್ನು ಕೇವಲ ಔಪಚಾರಿಕ ಎಂದುಕೊಳ್ಳಬೇಡಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಅದು ಟ್ರ್ಯಾಕಿನಾಚೆಯ ಕಚ್ಚಾ ದಾರಿಗಳ ಸ್ಪರ್ಧೆಯಾದರೂ, ಕರ್ನಾಟಕದ ಹುಡುಗಿಯೊಬ್ಬಳು ಈ ಕ್ರೀಡೆಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಹವ್ಯಾಸಿಗೆ ಹೆಚ್ಚು ಸೂಕ್ತವಾದ ಬಾಗಿಲು ಒನ್-ಮೇಕ್ ಸ್ಪರ್ಧೆ. ಇದರಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ ಬೈಕ್‌ಗಳನ್ನು ಎಲ್ಲರಿಗೂ ಕೊಡುತ್ತಾರೆ. ಅವುಗಳ ತಯಾರಿ, ರಿಪೇರಿ ಆಯೋಜಕರದ್ದೇ. 1982ರಿಂದ ರೇಸಿಂಗ್‌ನಲ್ಲಿರುವ ಟಿವಿಎಸ್ ಇಂಥ ಸರಣಿಯನ್ನು ಅಪಾಚೆ ಬೈಕ್‌ಗಳೊಂದಿಗೆ ನಡೆಸಿದೆ, ಹೋಂಡಾ ಟ್ಯಾಲೆಂಟ್ ಕಪ್ ಎಳೆಯರಿಗಾಗಿ ನಡೆದಿದೆ, ರಾಯಲ್ ಎನ್‌ಫೀಲ್ಡ್ 650 ಸಿಸಿಯ ಕಾಂಟಿನೆಂಟಲ್ ಜಿಟಿ ಬೈಕ್‌ಗಳ ಕಪ್ಪನ್ನು 2021ರಲ್ಲಿ ಆರಂಭಿಸಿತು. ಪ್ರವೇಶಕ್ಕೆ ಆಯ್ಕೆ ಸುತ್ತು ಇರುತ್ತದೆ, ಅಲ್ಲಿ ನಿಮ್ಮ ಸುತ್ತಿನ ಸಮಯವೇ ಅರ್ಜಿ. ಸ್ವಂತ ಬೈಕ್, ಸ್ವಂತ ಮೆಕ್ಯಾನಿಕ್, ಸ್ವಂತ ತಂಡ ಎಂದು ಮೊದಲ ವರ್ಷವೇ ಹಣ ಸುರಿಯುವುದಕ್ಕಿಂತ ಈ ದಾರಿ ಹೆಚ್ಚು ವಿವೇಕದ್ದು ಎಂಬುದು ಈ ಲೇಖಕನ ಅಭಿಪ್ರಾಯ.

ಮೈಮೇಲೆ ಏನಿರಬೇಕು

ಇಡೀ ಮುಖ ಮುಚ್ಚುವ ಹೆಲ್ಮೆಟ್, ಒಂದೇ ತುಂಡಿನ ಚರ್ಮದ ಸೂಟ್, ಬೆನ್ನುಮೂಳೆಯ ರಕ್ಷಾಕವಚ, ಎದೆಯ ಕವಚ, ಮಣಿಕಟ್ಟನ್ನು ಮುಚ್ಚುವ ಕೈಗವಸು, ಕಣಕಾಲಿನ ಮೇಲೆ ಬರುವ ಬೂಟು. ಬಟ್ಟೆಯ ಜಾಕೆಟ್ ಟಾರಿನ ಮೇಲೆ ಉಜ್ಜಿದಾಗ ಬೇಗ ಹರಿಯುತ್ತದೆ, ಚರ್ಮ ತಡೆದುಕೊಳ್ಳುತ್ತದೆ. ರಸ್ತೆಯಲ್ಲಿ ಐಎಸ್‌ಐ ಗುರುತಿನ ಹೆಲ್ಮೆಟ್ ಕಡ್ಡಾಯ. ರೇಸ್‌ಗಾದರೆ ಇಸಿಇ ಅಥವಾ ಸ್ನೆಲ್‌ನಂಥ ಮಾನದಂಡ ಕೇಳುತ್ತಾರೆ, ಗಲ್ಲದ ಪಟ್ಟಿಗೆ ಎರಡು ಲೋಹದ ಉಂಗುರಗಳ ಬಿಗಿತ ಇರಬೇಕು. ಒಮ್ಮೆ ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಪದರ ಕುಗ್ಗಿರುತ್ತದೆ, ಮತ್ತೆ ಬಳಸಬಾರದು. ಬೇರೆಯವರ ಹಳೆಯ ಸೂಟನ್ನು ಅಳತೆ ಸರಿಯಿದ್ದರೆ ಕೊಳ್ಳಬಹುದು, ಹಳೆಯ ಹೆಲ್ಮೆಟ್ ಮಾತ್ರ ಬೇಡ.

ಇಷ್ಟೆಲ್ಲ ಇದ್ದರೂ ಅಪಾಯ ಪೂರ್ತಿ ಹೋಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕಿನಲ್ಲೇ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಸ್ಪರ್ಧೆಯ ವೇಳೆ, ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಸವಾರನೊಬ್ಬ ಬಿದ್ದು ಮೃತಪಟ್ಟ. ಮಕ್ಕಳ ಅರ್ಜಿಗೆ ಸಹಿ ಹಾಕುವ ಮೊದಲು ಪೋಷಕರು ತಿಳಿದಿರಬೇಕಾದ ಸಂಗತಿ ಇದು.

ಬೈಕ್ ತಯಾರಿ

ಸ್ವಂತ ಬೈಕನ್ನು ಟ್ರ್ಯಾಕಿಗೆ ಒಯ್ಯುವವರು ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟ್, ಸ್ಟ್ಯಾಂಡ್‌ಗಳನ್ನು ಬಿಚ್ಚಬೇಕು. ಬಿಚ್ಚಲಾಗದ ಗಾಜಿಗೆ ಟೇಪ್ ಸುತ್ತಬೇಕು. ಎಂಜಿನ್ ಆಯಿಲ್ ಡ್ರೇನ್ ಬೋಲ್ಟ್ ಕಂಪನಕ್ಕೆ ಸಡಿಲವಾಗದಂತೆ ತಂತಿ ಬಿಗಿಯುತ್ತಾರೆ, ಇದಕ್ಕೆ ಲಾಕ್‌ವೈರ್ ಎನ್ನುತ್ತಾರೆ. ರೇಡಿಯೇಟರ್‌ನಲ್ಲಿ ಕೂಲೆಂಟ್ ಬದಲು ಬರೀ ನೀರು ಹಾಕಿಸುವುದು ವಾಡಿಕೆ, ಏಕೆಂದರೆ ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ. ಈ ನಿಯಮಗಳಲ್ಲಿ ಬಹುಪಾಲು ಹಿಂದೆ ಬರುವವರ ರಕ್ಷಣೆಗಾಗಿ ಇವೆ ಎಂಬುದು ಗಮನಾರ್ಹ.

ರೇಸ್ ದಿನಗಳಲ್ಲಿ ನಡೆಯುವುದೇನು

ಮೊದಲು ಅಧಿಕಾರಿಗಳು ಬೈಕ್ ಮತ್ತು ಉಡುಪನ್ನು ಪರಿಶೀಲಿಸುತ್ತಾರೆ. ನಂತರ ಸವಾರರ ಸಭೆ, ಅಭ್ಯಾಸ, ಆಮೇಲೆ ಅರ್ಹತಾ ಸುತ್ತು. ಅರ್ಹತಾ ಸುತ್ತಿನಲ್ಲಿ ಯಾರ ಸಮಯ ಕಡಿಮೆಯೋ ಅವರು ರೇಸಿನಲ್ಲಿ ಮುಂದಿನ ಸಾಲಿನಿಂದ ಹೊರಡುತ್ತಾರೆ. ಕೆಂಪು ದೀಪ ಆರಿದೊಡನೆ ರೇಸ್ ಆರಂಭ, ಅದಕ್ಕೂ ಮೊದಲು ಕದಲಿದರೆ ದಂಡನೆ.

ಬಾವುಟಗಳನ್ನು ಬಾಯಿಪಾಠ ಮಾಡಿಕೊಂಡೇ ಹೋಗಬೇಕು. ಹಳದಿ ಬೀಸಿದರೆ ಮುಂದೆ ಅಪಾಯವಿದೆ, ನಿಧಾನಿಸಿ, ಯಾರನ್ನೂ ಹಿಂದಿಕ್ಕಬೇಡಿ ಎಂದರ್ಥ. ಹಳದಿಯಲ್ಲಿ ಕೆಂಪು ಪಟ್ಟೆಗಳಿದ್ದರೆ ಟ್ರ್ಯಾಕ್ ಜಾರುತ್ತಿದೆ. ಕೆಂಪು ಎಂದರೆ ರೇಸ್ ನಿಂತಿದೆ. ನೀಲಿ ಎಂದರೆ ನಿಮಗಿಂತ ವೇಗದವರು ಹಿಂದಿನಿಂದ ಬರುತ್ತಿದ್ದಾರೆ. ಆಗ ಹೆದರಿ ಹಠಾತ್ತನೆ ಪಕ್ಕಕ್ಕೆ ಸರಿಯಬಾರದು, ನಿಮ್ಮ ಜಾಡಿನಲ್ಲೇ ಸಾಗುತ್ತ, ಅಡ್ಡಿಪಡಿಸದೆ ಅವರು ದಾಟಿಹೋಗಲು ಬಿಡಬೇಕು. ಕಪ್ಪಿನ ನಡುವೆ ಕಿತ್ತಳೆ ವೃತ್ತವಿರುವ ಬಾವುಟ ನಿಮ್ಮ ನಂಬರಿನೊಂದಿಗೆ ಕಂಡರೆ ನಿಮ್ಮ ಬೈಕಿನಲ್ಲಿ ದೋಷವಿದೆ, ಕೂಡಲೇ ಟ್ರ್ಯಾಕ್ ಬಿಡಬೇಕು.

ಖರ್ಚು, ವಿಮೆ, ಪ್ರಯಾಣ

ಹಣ ಹೋಗುವುದು ಬೈಕಿಗಿಂತ ಹೆಚ್ಚಾಗಿ ಟೈರು, ಬ್ರೇಕ್ ಪ್ಯಾಡ್, ಟ್ರ್ಯಾಕ್ ಶುಲ್ಕ, ಪ್ರಯಾಣ ಮತ್ತು ಬಿದ್ದಾಗಿನ ರಿಪೇರಿಗೆ. ರೇಸ್‌ಗಾಗಿ ಮಾಡಿದ ಮೃದು ರಬ್ಬರಿನ ಟೈರು ಚೆನ್ನಾಗಿ ಹಿಡಿಯುತ್ತದೆ, ಅಷ್ಟೇ ಬೇಗ ಸವೆಯುತ್ತದೆ.

ವಿಮೆಯ ಷರತ್ತುಗಳನ್ನು ಮನೆಯಲ್ಲೇ ಓದಿಕೊಳ್ಳಬೇಕು. ನಮ್ಮಲ್ಲಿನ ಸಾಮಾನ್ಯ ವಾಹನ ವಿಮೆ ಆಯೋಜಿತ ರೇಸ್ ಮತ್ತು ವೇಗ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ. ಆರೋಗ್ಯ ವಿಮೆಗಳಲ್ಲಿ, ವೃತ್ತಿಪರರಾಗಿ ಮೋಟಾರ್ ರೇಸಿಂಗ್‌ನಂಥ ಕ್ರೀಡೆಗಳಲ್ಲಿ ಭಾಗವಹಿಸಿ ಆದ ಗಾಯಗಳ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಇರುತ್ತದೆ. ಹವ್ಯಾಸಿಯನ್ನು ಅದರಡಿ ಹೇಗೆ ನೋಡುತ್ತಾರೆ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯುವುದು ಕ್ಷೇಮ.

ಸ್ಪರ್ಧೆಗಳು ಬಹುಮಟ್ಟಿಗೆ ವರ್ಷದ ಮಧ್ಯಭಾಗದ ನಂತರ ನಡೆಯುತ್ತವೆ. ಕೊಡಗಿನಲ್ಲಿ ಆಗ ಮುಂಗಾರು, ಚಳಿ, ಒದ್ದೆ. ಚೆನ್ನೈನಲ್ಲಿ ಸುಡುವ ಸೆಖೆ. ಕಂಬಳಿ ಹೊದ್ದು ಮಲಗಿದ್ದವರು ಎರಡು ದಿನದ ನಂತರ ಚರ್ಮದ ಸೂಟಿನಲ್ಲಿ ಬಿಸಿಲಿಗೆ ನಿಂತಾಗ ಮೊದಲು ಸೋಲುವುದು ದೇಹ, ಅದರ ಹಿಂದೆಯೇ ಗಮನ. ಒಂದು ದಿನ ಮೊದಲೇ ತಲುಪಿ, ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ರೇಸ್ ಬೈಕನ್ನು ರಸ್ತೆಯಲ್ಲಿ ಓಡಿಸಿಕೊಂಡು ಹೋಗುವಂತಿಲ್ಲವಾದ್ದರಿಂದ ಪಿಕಪ್ ಗಾಡಿ ಬೇಕು. ಇಬ್ಬರು ಮೂವರು ಸೇರಿ ಹೊರಟರೆ ಬಾಡಿಗೆ ಹಗುರವಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಅಲ್ಲಿಂದ ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಸುಮಾರು 200 ಕಿ.ಮೀ. ಈ ದಾರಿಯಲ್ಲಿ ಸಿಗುವ ದಿಂಬಂ ಘಾಟಿಯಲ್ಲಿ ವನ್ಯಪ್ರಾಣಿಗಳಿಗಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಶುಕ್ರವಾರ ಬೆಳಗಿನ ಪರಿಶೀಲನೆಗೆ ಬೈಕ್ ನಿಲ್ಲಿಸಬೇಕಾದವರು ಗುರುವಾರ ಬೆಳಿಗ್ಗೆಯೇ ಮನೆ ಬಿಡಬೇಕಾಗುತ್ತದೆ.